ಎಂವಿಸಿ ಕೇಸು: ರಸ್ತೆ ಅಪಘಾತದ ಪರಿಹಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಪಘಾತವಾದ ಮನೆಯವರು ಕೋರ್ಟ್ ಆವರಣದಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸರಳವಾದವು ಮೊದಲು, ತೊಡಕಿನವು ಆಮೇಲೆ. ಇತ್ತೀಚಿನ ತೀರ್ಪುಗಳು ಎಲ್ಲಿ ಲೆಕ್ಕ ಬದಲಿಸಿವೆಯೋ ಅಲ್ಲಿ ಸ್ವಲ್ಪ ಜಾಸ್ತಿ ಬರೆದಿದ್ದೇನೆ.

## ಮೊದಲ ದಿನಗಳು

ಪೊಲೀಸ್ ಕೇಸು ಆಗಿದೆಯಲ್ಲ, ಮತ್ತೆ ಎಂವಿಸಿ ಕೇಸು ಯಾಕೆ?

ಎರಡೂ ಬೇರೆ ಬೇರೆ. ಪೊಲೀಸರು ಹಾಕುವುದು ಕ್ರಿಮಿನಲ್ ಕೇಸು. ಅದರಲ್ಲಿ ಚಾಲಕನಿಗೆ ಶಿಕ್ಷೆ ಆಗಬಹುದು, ನಿಮ್ಮ ಕೈಗೆ ಪರಿಹಾರ ಬರುವುದಿಲ್ಲ. ಎಂವಿಸಿ ಅಂದರೆ ಮೋಟಾರು ವಾಹನ ಅಪಘಾತದ ಪರಿಹಾರದ ಕೇಸು. ಅದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ನ್ಯಾಯಮಂಡಳಿಗೆ ಬೇರೆ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯಗಳು ಈ ಕೆಲಸ ಮಾಡುತ್ತವೆ. ತಾಲ್ಲೂಕು, ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟು. ಅಪಘಾತ ಆದ ಊರಿನಲ್ಲೇ ಹಾಕಬೇಕೆಂದಿಲ್ಲ, ನೀವು ವಾಸವಿರುವ ಊರಿನಲ್ಲೂ ಹಾಕಬಹುದು. ಹುಬ್ಬಳ್ಳಿಯವರು ಪುಣೆ ರಸ್ತೆಯಲ್ಲಿ ಅಪಘಾತವಾಯಿತೆಂದು ಪುಣೆಗೆ ಅಲೆಯಬೇಕಾಗಿಲ್ಲ.

ಇನ್ನೊಂದು ಮಾತು. ಕ್ರಿಮಿನಲ್ ಕೇಸಿನಲ್ಲಿ ಚಾಲಕ ಖುಲಾಸೆಯಾದರೆ ಪರಿಹಾರ ಕೈತಪ್ಪಿತು ಅಂದುಕೊಳ್ಳಬೇಡಿ. ಶಿಕ್ಷೆಗೆ ಬೇಕಾದಷ್ಟು ಬಿಗಿಯಾದ ಸಾಕ್ಷ್ಯ ಪರಿಹಾರಕ್ಕೆ ಬೇಕಿಲ್ಲ. ಹೀಗೇ ಆಗಿರುವ ಸಂಭವ ಹೆಚ್ಚು ಎಂದು ತೋರಿಸಿದರೆ ಸಾಕು ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ.

ಆಸ್ಪತ್ರೆಯವರು ಮೊದಲು ಅಡ್ವಾನ್ಸ್ ಕಟ್ಟಿ ಅಂತಿದ್ದಾರೆ. ಸರ್ಕಾರದ ಯೋಜನೆ ಏನೋ ಇದೆಯಂತಲ್ಲ?

ಇದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಜಾರಿಗೆ ತಂದಿತು. ಒಬ್ಬರಿಗೆ ₹1.5 ಲಕ್ಷದವರೆಗೆ, ಅಪಘಾತದ ದಿನದಿಂದ 7 ದಿನಗಳವರೆಗೆ. ಕಾಯ್ದೆಯಲ್ಲಿ 2019ರಲ್ಲೇ ಸೇರಿದ್ದ ಈ ಕೆಲಸ ಮುಂದಕ್ಕೆ ಹೋಗುತ್ತಲೇ ಇತ್ತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಡುವು ಕೊಟ್ಟ ಮೇಲೆ ಹೊರಬಂತು. ಯೋಜನೆಗೆ ಸೇರಿದ ಆಸ್ಪತ್ರೆಯೇ ಆಗಿರಬೇಕು, ಪೊಲೀಸರಿಗೆ ವಿಷಯ ತಿಳಿಸಿರಬೇಕು. ಗಾಯಾಳುವನ್ನು ಆಸ್ಪತ್ರೆಗೆ ತಂದ ದಾರಿಹೋಕರನ್ನು ಹಿಡಿದಿಟ್ಟುಕೊಂಡು ಹೆಸರು, ವಿಳಾಸ ಕೊಡಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.

ಯಾವ ಯಾವ ಕಾಗದ ಜೋಡಿಸಿಟ್ಟುಕೊಳ್ಳಬೇಕು?

ಪೊಲೀಸ್ ಠಾಣೆಯಿಂದ ಎಫ್‌ಐಆರ್, ಸ್ಥಳ ಮಹಜರು, ಸ್ಕೆಚ್, ಮೋಟಾರು ವಾಹನ ನಿರೀಕ್ಷಕರ ವರದಿ, ಚಾರ್ಜ್‌ಶೀಟ್. ಆಸ್ಪತ್ರೆಯಿಂದ ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ, ಎಲ್ಲ ಬಿಲ್ಲುಗಳು. ಸಾವಾಗಿದ್ದರೆ ಮರಣೋತ್ತರ ಪರೀಕ್ಷೆಯ ವರದಿ ಮತ್ತು ವಂಶವೃಕ್ಷ. ಔಷಧಿ ಅಂಗಡಿಯ ಬಿಲ್ಲಿನಲ್ಲಿ ಗಾಯಾಳುವಿನ ಹೆಸರು ಬರೆಸಿ, ಚೀಟಿಯ ಜೊತೆ ಪಿನ್ ಮಾಡಿಡಿ. ಶಾಖಕ್ಕೆ ಅಕ್ಷರ ಮಾಸುವ ಬಿಲ್ಲುಗಳನ್ನು ಅವತ್ತೇ ಜೆರಾಕ್ಸ್ ಮಾಡಿಸಿ. ಎರಡು ವರ್ಷ ಬಿಟ್ಟು ಸಾಕ್ಷಿಕಟ್ಟೆಯಲ್ಲಿ ಅವು ಬರೀ ಬಿಳಿ ಹಾಳೆ.

ಎಲ್ಲಕ್ಕಿಂತ ಮುಖ್ಯವಾದದ್ದು ಆಸ್ಪತ್ರೆಯ ಎಂಎಲ್‌ಸಿ ಪುಸ್ತಕದಲ್ಲಿ (ಪೊಲೀಸ್ ಕೇಸಾಗುವ ಗಾಯಗಳನ್ನು ದಾಖಲಿಸುವ ಪುಸ್ತಕ) ಮೊದಲ ದಿನ ಬರೆದ ಒಂದು ಸಾಲು. ಗಾಬರಿಯಲ್ಲಿ ಯಾರೋ "ಬೈಕಿನಿಂದ ಬಿದ್ದರು" ಅಂತ ಹೇಳಿ, ಅದನ್ನೇ ಅಲ್ಲಿ ಬರೆದುಬಿಟ್ಟರೆ, ಲಾರಿ ಗುದ್ದಿತೆಂದು ಆಮೇಲೆ ಸಾಬೀತು ಮಾಡುವಷ್ಟರಲ್ಲಿ ಸಾಕಾಗಿಹೋಗುತ್ತದೆ. ಇನ್ಶೂರೆನ್ಸ್ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ ಮೊದಲು ಹಿಡಿಯುವುದೇ ಆ ಸಾಲನ್ನು. ಹೊಡೆದ ಗಾಡಿ ಯಾವುದು, ನಂಬರ್ ಗೊತ್ತಿದ್ದರೆ ಏನು ಅಂತ ಅಲ್ಲೇ ಬರೆಸಿ.

ಹೊಡೆದ ಗಾಡಿ ನಿಲ್ಲಿಸದೆ ಓಡಿಹೋಯಿತು. ಇನ್ನು ಯಾರ ಮೇಲೆ ಕೇಸು ಹಾಕೋದು?

ಗಾಡಿ ಪತ್ತೆಯಾಗದಿದ್ದರೆ ಸರ್ಕಾರದ ನಿಧಿಯಿಂದ ನಿಗದಿತ ಮೊತ್ತ ಬರುತ್ತದೆ. ಸಾವಿಗೆ ₹2 ಲಕ್ಷ, ತೀವ್ರ ಗಾಯಕ್ಕೆ ₹50,000. 2022ರ ಏಪ್ರಿಲ್ 1ರಿಂದ ಈ ದರ. ಅರ್ಜಿ ಕೋರ್ಟಿಗಲ್ಲ, ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ ಕೊಡಬೇಕು. ಇಂಥದ್ದೊಂದು ಇದೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ಆಮೇಲೆ ಗಾಡಿ ಸಿಕ್ಕಿ ಪೂರ್ಣ ಪರಿಹಾರ ಬಂದರೆ ಈ ಹಣವನ್ನು ಅದರಲ್ಲಿ ಹೊಂದಿಸಿಕೊಳ್ಳುತ್ತಾರೆ.

## ಕೇಸು ಹಾಕುವಾಗ

ಆರು ತಿಂಗಳು ದಾಟಿಹೋಗಿದೆ. ಕೇಸು ಹಾಕೋಕೆ ಆಗಲ್ವಾ?

ಹಾಕಿ. 1994ರಿಂದ 2022ರವರೆಗೆ ಇಂಥ ಅರ್ಜಿಗೆ ಕಾಲಮಿತಿಯೇ ಇರಲಿಲ್ಲ. 2019ರ ತಿದ್ದುಪಡಿ ಆರು ತಿಂಗಳ ಮಿತಿಯನ್ನು ವಾಪಸ್ ತಂದಿತು. ಅದು ಜಾರಿಯಾದದ್ದು 2022ರ ಏಪ್ರಿಲ್ 1ರಿಂದ. ಕಾಲು ಮುರಿದುಕೊಂಡು ಮಲಗಿದವನಿಗೆ ಆರು ತಿಂಗಳು ಅಂದರೆ ಎರಡು ಆಪರೇಷನ್ ಮುಗಿಯುವಷ್ಟು ಕಾಲವೂ ಅಲ್ಲ. ಹಾಗಾಗಿ ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. 2025ರ ನವೆಂಬರಿನಲ್ಲಿ ಆ ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು: ವಿಷಯ ತೀರ್ಮಾನವಾಗುವವರೆಗೆ ತಡವಾಯಿತು ಎಂಬ ಒಂದೇ ಕಾರಣಕ್ಕೆ ಯಾವ ನ್ಯಾಯಮಂಡಳಿಯೂ, ಹೈಕೋರ್ಟೂ ಅರ್ಜಿ ವಜಾ ಮಾಡಬಾರದು. ಇದು ಕೊನೆಯ ತೀರ್ಪಲ್ಲ. ಅದನ್ನೇ ನಂಬಿಕೊಂಡು ಇನ್ನೊಂದು ವರ್ಷ ಕಾಯಬೇಡಿ.

ಪೊಲೀಸರು ಸಹ 90 ದಿನಗಳ ಒಳಗೆ ಅಪಘಾತದ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು ಎಂಬ ನಿಯಮವಿದೆ. ಆ ವರದಿಯನ್ನೇ ಕ್ಲೇಮು ಅರ್ಜಿಯೆಂದು ತೆಗೆದುಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ನಿಮ್ಮ ಕೇಸಿನಲ್ಲಿ ಕಳಿಸಿದ್ದಾರಾ ಎಂದು ಠಾಣೆಯಲ್ಲಿ ವಿಚಾರಿಸಿ.

ಬಂದ ದುಡ್ಡಲ್ಲಿ ಇಷ್ಟು ಪರ್ಸೆಂಟ್ ಕೊಡಿ, ಈಗೇನೂ ಬೇಡ ಅಂತಾರೆ ವಕೀಲರು. ಒಪ್ಪಬಹುದಾ?

ಪರಿಹಾರದಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಫೀಸು ಎಷ್ಟೆಂದು ಮೊದಲೇ ಮಾತಾಡಿ. ಆಸ್ಪತ್ರೆಯ ವಾರ್ಡಿಗೇ ಬಂದು ಖಾಲಿ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವವರನ್ನು ಕಂಡರೆ ನನಗಂತೂ ಆಗುವುದಿಲ್ಲ. ದುಡ್ಡಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ವಕೀಲರು ಸಿಗುತ್ತಾರೆ.

## ದುಡ್ಡಿನ ಲೆಕ್ಕ

ಸಾವಿನ ಕೇಸಲ್ಲಿ ಎಷ್ಟು ಬರುತ್ತೆ? ಒಬ್ಬರಿಗೆ 10 ಲಕ್ಷ, ಇನ್ನೊಬ್ಬರಿಗೆ 50 ಲಕ್ಷ ಹೇಗೆ?

ಇದು ಜಡ್ಜ್ ಮನಸ್ಸಿಗೆ ಬಂದಂತೆ ಹಾಕುವ ಮೊತ್ತವಲ್ಲ, ಸೂತ್ರವಿದೆ. ಸುಪ್ರೀಂ ಕೋರ್ಟಿನ ಎರಡು ತೀರ್ಪು ಗೊತ್ತಿದ್ದರೆ ಲೆಕ್ಕ ನೀವೇ ಮಾಡಬಹುದು: 2009ರ ಸರಳಾ ವರ್ಮ ಮತ್ತು 2017ರ ಪ್ರಣಯ್ ಸೇಥಿ.

ಒಂದು ಉದಾಹರಣೆ ಹಿಡಿಯೋಣ. 32 ವರ್ಷದ ಗಾರೆ ಕೆಲಸದವನು. ಹೆಂಡತಿ, ಇಬ್ಬರು ಮಕ್ಕಳು, ತಾಯಿ. ತಿಂಗಳಿಗೆ ₹15,000 ದುಡಿಮೆ ಎಂದು ಕೋರ್ಟು ಒಪ್ಪಿತು ಅನ್ನಿ. ಸ್ವಂತ ದುಡಿಮೆ, ವಯಸ್ಸು 40ಕ್ಕಿಂತ ಕಡಿಮೆ, ಆದ್ದರಿಂದ ಮುಂದೆ ದುಡಿಮೆ ಹೆಚ್ಚುತ್ತಿತ್ತು ಎಂದು 40% ಸೇರಿಸುತ್ತಾರೆ: ₹21,000. ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯುತ್ತಾರೆ, ಅವಲಂಬಿತರು 4ರಿಂದ 6 ಜನ ಇದ್ದರೆ ಅಷ್ಟು: ₹15,750. ವರ್ಷಕ್ಕೆ ₹1,89,000. ಇದನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ, ಅದೇ ಗುಣಕ. 31ರಿಂದ 35ರ ವಯಸ್ಸಿಗೆ ಅದು 16. ಅಲ್ಲಿಗೆ ₹30,24,000. ಇದರ ಮೇಲೆ ಮನೆಯವರಿಗೆ ತಪ್ಪಿದ ಒಡನಾಟ, ಆಸರೆಗೆಂದು ತಲಾ ₹40,000, ಶವಸಂಸ್ಕಾರಕ್ಕೆ ₹15,000, ಆಸ್ತಿನಷ್ಟಕ್ಕೆ ₹15,000 ಎಂದು 2017ರಲ್ಲಿ ನಿಗದಿಯಾಗಿತ್ತು. ಮೂರು ವರ್ಷಕ್ಕೊಮ್ಮೆ 10% ಏರಿಕೆ. ಎರಡು ಸಲ ಏರಿದ ಮೇಲೆ ಅವು ₹48,400 ಮತ್ತು ₹18,150. ನಾಲ್ವರಿಗೆ ₹1,93,600, ಉಳಿದೆರಡಕ್ಕೆ ₹36,300. ಒಟ್ಟು ₹32,53,900. ಅರ್ಜಿ ಹಾಕಿದ ದಿನದಿಂದ ಬಡ್ಡಿ ಬೇರೆ.

ಕಾಯಂ ನೌಕರಿಯವರಿಗೆ ಆ 40%ರ ಜಾಗದಲ್ಲಿ 50%. ಮದುವೆಯಾಗದವರಿಗೆ ಸ್ವಂತ ಖರ್ಚೆಂದು ಸಾಮಾನ್ಯವಾಗಿ ಅರ್ಧ ಕಳೆಯುತ್ತಾರೆ. ಗುಣಕ 25 ವರ್ಷದವರೆಗೆ 18. ವಯಸ್ಸು ಏರಿದಂತೆ ಇಳಿಯುತ್ತಾ 65 ದಾಟಿದವರಿಗೆ 5 ಆಗುತ್ತದೆ. ಅರ್ಜಿಯಲ್ಲಿ ಕಡಿಮೆ ಕೇಳಿಬಿಟ್ಟೆವಲ್ಲ ಎಂಬ ಚಿಂತೆ ಬೇಡ. ಕೇಳಿದ್ದಕ್ಕಿಂತ ಹೆಚ್ಚು ಕೊಡಬಹುದು ಎಂದು ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ನಮ್ಮವರದು ಕೂಲಿ ಕೆಲಸ. ಸಂಬಳದ ಚೀಟಿ ಎಲ್ಲಿಂದ ತರೋಣ?

ಚೀಟಿ ಇಲ್ಲದವರಿಗೆ ಕರ್ನಾಟಕದಲ್ಲಿ ಒಂದು ರೂಢಿ ಬೆಳೆದಿದೆ. ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್ತಿಗೆಂದು ಒಂದು ಚಾರ್ಟ್ ಮಾಡಿದೆ. ಯಾವ ವರ್ಷ ಅಪಘಾತವಾಯಿತೋ ಆ ವರ್ಷಕ್ಕೆ ಇಷ್ಟು ಆದಾಯ ಅಂತ ಅದರಲ್ಲಿದೆ. ಹೈಕೋರ್ಟು ಸಹ ಎಷ್ಟೋ ಮೇಲ್ಮನವಿಗಳಲ್ಲಿ ಅದನ್ನೇ ಹಿಡಿದು ಮೊತ್ತ ಏರಿಸಿದೆ. ಕೆಳಗಿನ ಕೋರ್ಟು ಅದಕ್ಕಿಂತ ಕಡಿಮೆ ಹಿಡಿದಿದ್ದರೆ ಕೇಳುವುದಕ್ಕೆ ದಾರಿಯಿದೆ.

ಆದರೆ ಚಾರ್ಟ್ ಅನ್ನುವುದು ಏನೂ ಇಲ್ಲದವರಿಗೆ. ಫೋನ್‌ಪೇಯಲ್ಲಿ ಬಂದ ಕೂಲಿ, ಹಾಲಿನ ಡೇರಿಯ ಪಾಸ್‌ಬುಕ್, ಚೀಟಿ ಕಟ್ಟಿದ ಲೆಕ್ಕ, ಗಾಡಿ ಸಾಲದ ಕಂತು, ಮೇಸ್ತ್ರಿಯ ಸಾಕ್ಷಿ, ಇವೆಲ್ಲವೂ ಆದಾಯಕ್ಕೆ ಸಾಕ್ಷ್ಯವೇ. ತಿಂಗಳಿಗೆ ₹5,000 ಜಾಸ್ತಿ ತೋರಿಸಲು ಆದರೆ ಮೇಲಿನ ಉದಾಹರಣೆಯಲ್ಲಿ ಕೊನೆಗೆ ಸುಮಾರು ₹10 ಲಕ್ಷ ಜಾಸ್ತಿ ಬರುತ್ತದೆ.

ಅಮ್ಮ ಮನೇಲೇ ಇದ್ರು, ದುಡೀತಿರಲಿಲ್ಲ. ಪರಿಹಾರ ಇಲ್ವಾ?

ದುಡಿಯುತ್ತಿರಲಿಲ್ಲ ಅನ್ನುವುದನ್ನು ಕೋರ್ಟೇ ಒಪ್ಪುವುದಿಲ್ಲ. ಗೃಹಿಣಿಯ ಕೆಲಸಕ್ಕೆ ಬೆಲೆ ಕಟ್ಟಿಯೇ ಪರಿಹಾರ ಕೊಡಬೇಕು, ಅದರ ಮೇಲೆ ಮುಂದಿನ ಏರಿಕೆಯನ್ನೂ ಸೇರಿಸಬೇಕು ಎಂದು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ.

ಮಕ್ಕಳ ವಿಷಯದಲ್ಲಿ ಇನ್ನೂ ಹೊಸ ತೀರ್ಪಿದೆ. ಗುಜರಾತಿನಲ್ಲಿ 8 ವರ್ಷದ ಹುಡುಗ ಅಪಘಾತದಲ್ಲಿ ಶಾಶ್ವತ ಅಂಗವಿಕಲನಾದ. ಮಗು ದುಡಿಯುವುದಿಲ್ಲವೆಂದು ಯಾವುದೋ ಸಣ್ಣ ಅಂಕಿ ಹಿಡಿಯಬಾರದು, ಆ ರಾಜ್ಯದ ಕುಶಲ ಕಾರ್ಮಿಕನ ಕನಿಷ್ಠ ವೇತನವನ್ನೇ ಹಿಡಿಯಬೇಕು ಎಂದು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೈಕೋರ್ಟು ಕೊಟ್ಟ ₹8.65 ಲಕ್ಷ ₹35.90 ಲಕ್ಷವಾಯಿತು. ಮಗುವಿನ ಕೇಸು ನಡೆಯುತ್ತಿದ್ದರೆ ವಕೀಲರಿಗೆ ಈ ತೀರ್ಪನ್ನು ನೆನಪಿಸಿ.

ಡಾಕ್ಟರ್ 40% ಅಂಗವೈಕಲ್ಯ ಅಂತ ಬರೆದುಕೊಟ್ಟಿದ್ದಾರೆ. ಕೋರ್ಟು ಬರೀ 13% ಹಿಡಿದಿದೆ. ಯಾಕೆ?

ಡಾಕ್ಟರ್ ಸಾಮಾನ್ಯವಾಗಿ ಆ ಒಂದು ಕೈಗೋ ಕಾಲಿಗೋ ಎಷ್ಟು ಅಂತ ಬರೆಯುತ್ತಾರೆ. ಕೋರ್ಟು ನೋಡುವುದು ಇಡೀ ದೇಹಕ್ಕೆ ಎಷ್ಟು ಅಂತ. ಹೀಗಾಗಿ ಕಾಲಿನ 40% ಎಂಬುದನ್ನು ಮೂರನೇ ಒಂದು ಭಾಗ ಮಾಡಿ 13% ಎಂದು ಹಿಡಿಯುವ ವಾಡಿಕೆ ಇದೆ. ಆದರೆ ಅಲ್ಲಿಗೇ ನಿಲ್ಲಬಾರದು. ಸುಪ್ರೀಂ ಕೋರ್ಟು ರಾಜಕುಮಾರ್ ಪ್ರಕರಣದಲ್ಲಿ 2010ರಲ್ಲಿ ಹೇಳಿದ್ದು ಇದನ್ನೇ: ಗಾಯ ಎಷ್ಟು ಅನ್ನುವುದಕ್ಕಿಂತ ದುಡಿಮೆ ಎಷ್ಟು ಹೋಯಿತು ಅನ್ನುವುದನ್ನು ನೋಡಿ. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ದುಡಿಮೆ ಪೂರ್ತಿ ಹೋದಂತೆ. ಗುಮಾಸ್ತನಾಗಿದ್ದರೆ ಅಷ್ಟು ಹೋಗುವುದಿಲ್ಲ.

ಹಾಗಾಗಿ ನೀವು ಏನು ಕೆಲಸ ಮಾಡುತ್ತಿದ್ದಿರಿ, ಈಗ ಅದರಲ್ಲಿ ಏನು ಮಾಡಲು ಆಗುವುದಿಲ್ಲ ಅನ್ನುವುದನ್ನು ಡಾಕ್ಟರ್ ಬಾಯಲ್ಲೇ ಹೇಳಿಸಬೇಕು. ಸರ್ಟಿಫಿಕೇಟ್ ಒಂದೇ ಕೊಟ್ಟರೆ ಸಾಲದು, ಡಾಕ್ಟರ್ ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕು. ನಿಜ ಹೇಳಬೇಕೆಂದರೆ ಗಾಯದ ಕೇಸುಗಳಲ್ಲಿ ಅರ್ಧ ಹಣ ಕಳೆದುಹೋಗುವುದು ಇಲ್ಲಿಯೇ. ಕಟ್ಟಡದ ಕೆಲಸದವನಿಗೆ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ ಎಂಬ ಒಂದು ಮಾತು ದಾಖಲೆಯಲ್ಲಿ ಇಲ್ಲದೆ ಲಕ್ಷಗಳು ಹೋಗುತ್ತವೆ.

ಆಧಾರ್‌ನಲ್ಲಿ ಒಂದು ವಯಸ್ಸು, ಶಾಲೆ ಟಿಸಿಯಲ್ಲಿ ಇನ್ನೊಂದು. ಯಾವುದು ನಡೆಯುತ್ತೆ?

ಟಿಸಿ. ಆಧಾರ್ ಗುರುತಿನ ಚೀಟಿ, ಹುಟ್ಟಿದ ದಿನಕ್ಕೆ ಪುರಾವೆ ಅಲ್ಲ ಎಂದು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದೆರಡು ವರ್ಷದ ವ್ಯತ್ಯಾಸಕ್ಕೂ ಗುಣಕ ಬದಲಾಗುವುದರಿಂದ ಇದು ಸಣ್ಣ ವಿಷಯವಲ್ಲ.

ಎಲ್‌ಐಸಿ, ಪಿಎಫ್ ಹಣ ಬಂದಿದೆ. ಅದನ್ನ ಪರಿಹಾರದಲ್ಲಿ ಕಡಿತ ಮಾಡ್ತಾರಾ?

ಇಲ್ಲ. ಅದು ಅವರು ಬದುಕಿದ್ದಾಗ ಕೂಡಿಟ್ಟ ಹಣ, ಅಪಘಾತ ಮಾಡಿದವನಿಗೆ ಅದರ ಲಾಭ ಸಿಗಬಾರದು.

## ತಪ್ಪು ಯಾರದು?

ಸ್ಪೀಡಾಗಿ ಓಡಿಸಿ ಸತ್ತರೆ ಇನ್ಶೂರೆನ್ಸ್ ಬರಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ನಿಜವಾ?

2025ರ ಜುಲೈನಿಂದ ಅತಿ ಹೆಚ್ಚು ಬಂದ ಪ್ರಶ್ನೆ ಇದು. ವಾಟ್ಸ್ಯಾಪಿನಲ್ಲಿ ಅರ್ಧವೇ ಓಡಾಡಿತು.

ಕೇಸು ನಮ್ಮ ಕಡೆಯದೇ. 2014ರ ಜೂನ್ 18ರಂದು ಒಬ್ಬರು ಮಲ್ಲಸಂದ್ರದಿಂದ ಅರಸೀಕೆರೆ ಕಡೆಗೆ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಕಾರು ಪಲ್ಟಿಯಾಗಿ ಅವರು ತೀರಿಕೊಂಡರು. ಕಾರು ಅವರದಲ್ಲ, ಬೇರೆಯವರಿಂದ ಪಡೆದದ್ದು. ಬೇರೆ ಗಾಡಿ ಬಂದು ಗುದ್ದಿರಲಿಲ್ಲ. ಟೈರ್ ಸಿಡಿಯಿತು ಎಂದು ಮನೆಯವರು ವಾದಿಸಿದರು, ಪೊಲೀಸರ ಚಾರ್ಜ್‌ಶೀಟ್ ಅತಿವೇಗ ಅಂದಿತು. ₹80 ಲಕ್ಷದ ಅರ್ಜಿಯನ್ನು ನ್ಯಾಯಮಂಡಳಿ ತಳ್ಳಿಹಾಕಿತು, 2024ರ ನವೆಂಬರಿನಲ್ಲಿ ಹೈಕೋರ್ಟೂ ತಳ್ಳಿಹಾಕಿತು. 2025ರ ಜುಲೈ 2ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಕಾರಣ ಹೊಸದೇನಲ್ಲ. ಬೇರೆಯವರ ಕಾರನ್ನು ಕೇಳಿ ಪಡೆದು ಓಡಿಸುವವನು ಕಾನೂನಿನ ಕಣ್ಣಿಗೆ ಮಾಲೀಕನ ಜಾಗದಲ್ಲೇ ಇರುತ್ತಾನೆ. ತನ್ನದೇ ತಪ್ಪಿಗೆ ತಾನೇ ಪರಿಹಾರ ಕೇಳುವಂತಿಲ್ಲ. ಆದರೆ ಅದೇ ಕಾರು ಪಾದಚಾರಿಗೆ ಹೊಡೆದಿದ್ದರೆ ಕಂಪನಿ ಕಟ್ಟಬೇಕು. ಕಾರಿನೊಳಗೆ ಕೂತಿದ್ದ ಬೇರೆಯವರಿಗೂ, ಪಾಲಿಸಿ ಪೂರ್ಣ ಪ್ಯಾಕೇಜಿನದಾಗಿದ್ದರೆ, ಹಕ್ಕಿದೆ. ಮಾಲೀಕನೇ ಓಡಿಸುವಾಗ ಸತ್ತರೆ ₹15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಅಂತ ಪಾಲಿಸಿಯಲ್ಲೇ ಒಂದು ಭಾಗ ಇರುತ್ತದೆ. ಪ್ರೀಮಿಯಂ ಉಳಿಸಲು ಅದನ್ನು ಬಿಟ್ಟು ಪಾಲಿಸಿ ಮಾಡಿಸುವವರು ಬಹಳ. ಈಗಲೇ ನಿಮ್ಮ ಪಾಲಿಸಿ ತೆಗೆದು ಆ ಸಾಲು ಇದೆಯಾ ನೋಡಿ.

ಬೈಕಲ್ಲಿ ಮೂರು ಜನ ಇದ್ರು, ಹೆಲ್ಮೆಟ್ ಇರಲಿಲ್ಲ. ನಮ್ಮದೂ ತಪ್ಪು ಅಂತ ಕಟ್ ಮಾಡ್ತಾರಾ?

ದಂಡಕ್ಕೆ ಅದು ತಪ್ಪೇ. ಆದರೆ ಪರಿಹಾರ ಕಡಿತಕ್ಕೆ ಅಷ್ಟು ಸಾಲದು. ಮೂವರು ಕೂತದ್ದರಿಂದಲೇ ಅಪಘಾತವಾಯಿತು ಅಥವಾ ಗಾಯ ಹೆಚ್ಚಾಯಿತು ಎಂದು ತೋರಿಸದೆ ಕಡಿತ ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅದೇ ತರ್ಕ ಹೆಲ್ಮೆಟಿಗೂ ಹೊಂದುತ್ತದೆ. ತಲೆಗೆ ಪೆಟ್ಟಾಗಿದ್ದರೆ ಆ ಪ್ರಶ್ನೆ ಬರುತ್ತದೆ. ಹಿಂದಿನಿಂದ ಲಾರಿ ಗುದ್ದಿ ಕಾಲು ಮುರಿದರೆ ಹೆಲ್ಮೆಟ್‌ಗೂ ಅದಕ್ಕೂ ಏನು ಸಂಬಂಧ?

ಬೆಂಗಳೂರಿನಲ್ಲಿ ಬಿಎಂಟಿಸಿ ಬಸ್ಸಿಗೆ ಸಿಕ್ಕಿ ತೀರಿಕೊಂಡ ಬೈಕ್ ಸವಾರನ ಪಾಲಿಗೆ ಹೈಕೋರ್ಟು 25% ತಪ್ಪು ಹಾಕಿತ್ತು. ಅದಕ್ಕೆ ಸಾಕ್ಷ್ಯವೇ ಇಲ್ಲವೆಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕಡಿತವನ್ನು ತೆಗೆದುಹಾಕಿತು.

ಮುಂದಿನ ಕಾರು ಸಡನ್ನಾಗಿ ಬ್ರೇಕ್ ಹಾಕಿತು, ನಾನು ಹಿಂದಿನಿಂದ ಗುದ್ದಿದೆ. ತಪ್ಪು ನಂದೇನಾ?

ಹಿಂದಿನಿಂದ ಗುದ್ದಿದವನದೇ ತಪ್ಪು ಅಂತ ಎಲ್ಲರೂ ಹೇಳುತ್ತಾರೆ. ಅದು ಯಾವಾಗಲೂ ಸರಿಯಲ್ಲ. 2017ರ ಜನವರಿಯಲ್ಲಿ ಕೊಯಮತ್ತೂರಿನಲ್ಲಿ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಬೈಕಿನಲ್ಲಿ ಹೋಗುತ್ತಿದ್ದ. ಮುಂದಿನ ಕಾರು ಹೆದ್ದಾರಿಯಲ್ಲಿ ದಿಢೀರನೆ ನಿಂತಿತು. ಇವನು ಅದಕ್ಕೆ ಗುದ್ದಿ ಬಿದ್ದ. ಹಿಂದಿನಿಂದ ಬಂದ ಬಸ್ಸು ಕಾಲ ಮೇಲೆ ಹರಿದು ಎಡಗಾಲು ಕತ್ತರಿಸಬೇಕಾಯಿತು. ಗರ್ಭಿಣಿ ಹೆಂಡತಿಗೆ ವಾಂತಿ ಬಂದಂತಾಯಿತು, ಅದಕ್ಕೇ ನಿಲ್ಲಿಸಿದೆ ಅಂದ ಕಾರಿನವನು. ಕೇಳಿದರೆ ಅಯ್ಯೋ ಅನ್ನಿಸುವ ಕಾರಣವೇ. ಆದರೂ ಹಿಂದೆ ಬರುವವರಿಗೆ ಸೂಚನೆ ಕೊಡದೆ ಹೆದ್ದಾರಿ ಮಧ್ಯೆ ನಿಲ್ಲಿಸುವುದಕ್ಕೆ ಅದು ಸಮರ್ಥನೆ ಆಗದು ಎಂದಿತು ಸುಪ್ರೀಂ ಕೋರ್ಟ್. 2025ರ ಜುಲೈನ ಆ ತೀರ್ಪಿನಲ್ಲಿ ಕಾರಿಗೆ 50%, ಬಸ್ಸಿಗೆ 30%, ಹುಡುಗನಿಗೆ 20% ಹಂಚಿತು. ಸಾಕಷ್ಟು ಅಂತರ ಬಿಡದೆ, ಲೈಸೆನ್ಸ್ ಇಲ್ಲದೆ ಓಡಿಸುತ್ತಿದ್ದದ್ದು ಅವನ ಪಾಲು.

ರಸ್ತೆ ಗುಂಡಿಗೆ ಬಿದ್ದು ಸತ್ತರೆ?

ಬೇರೆ ಗಾಡಿ ಇಲ್ಲದಿದ್ದರೆ ಎಂವಿಸಿ ಕೋರ್ಟಿಗೆ ಹೋಗಿ ಪ್ರಯೋಜನ ಕಡಿಮೆ. ರಸ್ತೆಯ ಹೊಣೆ ಹೊತ್ತ ಪಾಲಿಕೆ ಅಥವಾ ಪ್ರಾಧಿಕಾರದ ಮೇಲೆ ಸಿವಿಲ್ ದಾವೆ ಹಾಕಬೇಕು, ಇಲ್ಲವೇ ಹೈಕೋರ್ಟಿಗೆ ರಿಟ್ ಹಾಕಬೇಕು. ಬಾಂಬೆ ಹೈಕೋರ್ಟು 2025ರ ಅಕ್ಟೋಬರಿನಲ್ಲಿ ಗುಂಡಿಯಿಂದಾದ ಸಾವಿಗೆ ₹6 ಲಕ್ಷ, ಗಾಯಕ್ಕೆ ₹50,000ದಿಂದ ₹2.5 ಲಕ್ಷ ಎಂದು ನಿಗದಿ ಮಾಡಿತು. ಅದು ಮಹಾರಾಷ್ಟ್ರಕ್ಕೆ. ಇಲ್ಲಿನ ಕೋರ್ಟು ಅದನ್ನು ಪಾಲಿಸಲೇಬೇಕೆಂದಿಲ್ಲ, ಆದರೆ ವಾದಕ್ಕೆ ಬಳಸಬಹುದು. ಗುಂಡಿಯ ಫೋಟೋ ಅವತ್ತೇ ತೆಗೆಯಿರಿ. ಸಾವಾದ ಮೇಲೆ ಗುಂಡಿ ರಾತ್ರೋರಾತ್ರಿ ಮುಚ್ಚುವುದರಲ್ಲಿ ನಮ್ಮವರು ಬಹಳ ಚುರುಕು.

## ಕಂಪನಿ ಕೈ ಎತ್ತಿದಾಗ

ಹೊಡೆದವನಿಗೆ ಡಿಎಲ್ ಇರಲಿಲ್ಲವಂತೆ. ಇನ್ಶೂರೆನ್ಸ್‌ನವರು ನಮಗೆ ಸಂಬಂಧ ಇಲ್ಲ ಅಂತಿದ್ದಾರೆ.

ಡಿಎಲ್ ಇಲ್ಲ ಅನ್ನುವುದು ಕಂಪನಿ ಮತ್ತು ಮಾಲೀಕನ ನಡುವಿನ ಜಗಳ. ಸುಪ್ರೀಂ ಕೋರ್ಟು 2004ರಿಂದಲೇ ಹಿಡಿದ ದಾರಿ ಹೀಗಿದೆ: ಕಂಪನಿ ಮೊದಲು ಗಾಯಾಳುವಿಗೆ ಕಟ್ಟಬೇಕು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಬೇಕು. ಕೋರ್ಟಿನಲ್ಲಿ ಇದಕ್ಕೆ "ಪೇ ಅಂಡ್ ರಿಕವರಿ" ಅನ್ನುತ್ತಾರೆ.

ಕಾರಿನ ಲೈಸೆನ್ಸ್ ಇಟ್ಟುಕೊಂಡು ಗೂಡ್ಸ್ ಆಟೋ, ಟಾಟಾ ಏಸ್ ಓಡಿಸುವವರ ಪ್ರಶ್ನೆಯೂ ಬಗೆಹರಿದಿದೆ. 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿತು.

ಮದುವೆಗೆ ಗೂಡ್ಸ್ ಟೆಂಪೋದಲ್ಲಿ ಹೋದಾಗ ಪಲ್ಟಿಯಾಯ್ತು. ಪರಿಹಾರ ಸಿಗುತ್ತಾ?

ಇದು ಕಷ್ಟ. ಸರಕಿನ ಗಾಡಿಯಲ್ಲಿ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ಮಾತ್ರ ವಿಮೆಯ ರಕ್ಷಣೆ ಇದೆ, ಸುಮ್ನೆ ಹತ್ತಿದವರಿಗೆ ಇಲ್ಲ. ಮಾಲೀಕನ ಮೇಲೆ ಆದೇಶ ಆಗುತ್ತದೆ, ಅವನ ಹತ್ತಿರ ಹಣ ಇದ್ದರೆ ಬರುತ್ತದೆ. ಕೆಲವು ಕೇಸುಗಳಲ್ಲಿ ಮೊದಲು ಕಂಪನಿಯೇ ಕಟ್ಟಲಿ ಎಂದು ಕೋರ್ಟುಗಳು ಹೇಳಿದ್ದೂ ಇದೆ. ಅದನ್ನು ನಂಬಿಕೊಂಡು ಟೆಂಪೋ ಹತ್ತಬೇಡಿ.

ಬೈಕ್ ಮಾರಿ ವರ್ಷವಾಯ್ತು. ಈಗ ನನಗೆ ಕೋರ್ಟ್ ನೋಟಿಸ್ ಬಂದಿದೆ!

ಆರ್‌ಸಿಯಲ್ಲಿ ಹೆಸರು ನಿಮ್ಮದೇ ಇದ್ದರೆ ಕಾನೂನಿಗೆ ಮಾಲೀಕರು ನೀವೇ. 2018ರಲ್ಲಿ ಸುಪ್ರೀಂ ಕೋರ್ಟು ಇದನ್ನು ಖಡಾಖಂಡಿತವಾಗಿ ಹೇಳಿದೆ. ಗಾಡಿ ನಾಲ್ಕು ಕೈ ಬದಲಾಗಿದ್ದರೂ ಅಷ್ಟೇ. ನೋಟಿಸಿಗೆ ಹಾಜರಾಗಿ, ಆಗ ವಿಮೆ ಚಾಲ್ತಿಯಲ್ಲಿತ್ತಾ ಎಂದು ತಕ್ಷಣ ಪತ್ತೆಮಾಡಿ.

## ತೀರ್ಪಿನ ಹೊತ್ತಿಗೆ

ಲೋಕ ಅದಾಲತ್‌ನಲ್ಲಿ ರಾಜಿ ಮಾಡ್ಕೊಳ್ಳಿ ಅಂತಾರೆ. ಒಳ್ಳೆಯದಾ?

ಮೊತ್ತ ನೋಡಿ ಹೇಳಬೇಕು. ಅಲ್ಲಿ ಆದ ರಾಜಿಯ ಮೇಲೆ ಅಪೀಲು ಇಲ್ಲ, ಹಣ ಬೇಗ ಬರುತ್ತದೆ. ಮೇಲಿನ ಲೆಕ್ಕವನ್ನು ಮೊದಲು ಕಾಗದದ ಮೇಲೆ ಹಾಕಿಕೊಂಡು ಹೋಗಿ. ಆ ಮೊತ್ತಕ್ಕಿಂತ ಸ್ವಲ್ಪ ಕಡಿಮೆಯಾದರೆ, ಅಪೀಲಿನಲ್ಲಿ ಕಳೆಯುವ ವರ್ಷಗಳನ್ನು ನೆನೆದು ಒಪ್ಪಬಹುದು. ಅರ್ಧಕ್ಕೆ ಇಳಿಸಿದರೆ ಒಪ್ಪಬೇಡಿ. ಇನ್ನೊಂದು ಆಪರೇಷನ್ ಬಾಕಿ ಇದ್ದಾಗಂತೂ ಬೇಡವೇ ಬೇಡ, ಆ ಖರ್ಚನ್ನು ಆಮೇಲೆ ಕೇಳಲು ಆಗುವುದಿಲ್ಲ.

ಕೇಸು ಗೆದ್ದಿದ್ದೇವೆ, ದುಡ್ಡೇ ಬಂದಿಲ್ಲ. ಏನು ಮಾಡೋದು?

ಮೊದಲು ಎದುರಿನವರು ಅಪೀಲು ಹಾಕಿದ್ದಾರಾ, ತಡೆಯಾಜ್ಞೆ ಇದೆಯಾ ನೋಡಿ. ಅಪೀಲಿಗೆ 90 ದಿನ ಕಾಲಾವಕಾಶ. ಮೊತ್ತ ಕಡಿಮೆಯಾಯಿತು ಅನ್ನಿಸಿದರೆ ನೀವೂ ಅಷ್ಟರೊಳಗೇ ಹಾಕಬೇಕು. ತಡೆ ಇಲ್ಲದಿದ್ದರೆ ತೀರ್ಪಿನ ಹಣ ವಸೂಲಿ ಮಾಡಿಸಿಕೊಡಿ ಎಂದು ಅಮಲ್ಜಾರಿ ಅರ್ಜಿ ಹಾಕಿ. ಸಾರಿಗೆ ನಿಗಮದ ಬಸ್ಸಾದರೆ ನಿಗಮವೇ ತನ್ನ ಆಂತರಿಕ ವಿಮಾ ನಿಧಿಯಿಂದ ಕಟ್ಟುವುದು ವಾಡಿಕೆ. ಕಟ್ಟದಿದ್ದಾಗ ಕೋರ್ಟಿನ ಅಮೀನರು ಬಸ್ ನಿಲ್ದಾಣಕ್ಕೇ ಹೋಗಿ ಬಸ್ ಜಪ್ತಿ ಮಾಡಿದ ಸುದ್ದಿ ನೀವೂ ಪೇಪರಿನಲ್ಲಿ ಓದಿರುತ್ತೀರಿ. ಪ್ರಯಾಣಿಕರಿಗೆ ತೊಂದರೆ ನಿಜ, ಆದರೆ ಜಪ್ತಿಯಾದ ಮೇಲೆ ಹಣ ಬೇಗ ಬರುವುದನ್ನೂ ಕಂಡಿದ್ದೇವೆ.

ಹಣ ಕೋರ್ಟಿನಲ್ಲಿ ಠೇವಣಿಯಾಗಿ, ಮನೆಯವರಿಗೆ ಗೊತ್ತೇ ಆಗದೆ ಕೂತಿರುವುದೂ ಉಂಟು. ಅರ್ಜಿದಾರರ ಬ್ಯಾಂಕ್ ಖಾತೆಯ ವಿವರವನ್ನು ಮೊದಲೇ ಪಡೆದು ನೇರವಾಗಿ ಖಾತೆಗೆ ಹಾಕುವ ವ್ಯವಸ್ಥೆ ಮಾಡಿ ಎಂದು 2025ರಲ್ಲಿ ಸುಪ್ರೀಂ ಕೋರ್ಟು ಸೂಚಿಸಿದೆ. ನಿಮ್ಮ ಹಳೆಯ ಕೇಸಿನ ನಂಬರ್ ಹಿಡಿದು ಕೋರ್ಟ್ ಕಚೇರಿಯಲ್ಲಿ ಠೇವಣಿ ಬಂದಿದೆಯಾ ಎಂದು ಒಮ್ಮೆ ಕೇಳಿ. ಮಕ್ಕಳ ಪಾಲು ಅವರಿಗೆ 18 ತುಂಬುವವರೆಗೆ ಬ್ಯಾಂಕಿನಲ್ಲಿ ಎಫ್‌ಡಿ ಆಗಿರುತ್ತದೆ. ಓದಿಗೋ ಚಿಕಿತ್ಸೆಗೋ ಬೇಕಾದರೆ ಮಧ್ಯದಲ್ಲಿ ತೆಗೆಯಲು ಕೋರ್ಟಿಗೆ ಅರ್ಜಿ ಕೊಡಬಹುದು.